ಅಬ್ಬಾ ಸುತ್ತಿದ ರೈಲು

ನಮ್ಮ ಅಂಗಡಿಯ ಶಟರ್ ಎತ್ತಿದರೆ ಸಾಕು, ಏನಾದರೊಂದು ಆಗಿಯೇ ಆಗುತ್ತದೆ. ಬರುವವರಲ್ಲಿ ಅರ್ಧ ಜನ ದಾರಿ ತಪ್ಪಿ ಬಂದವರು, ಉಳಿದರ್ಧ ಜನ ತಪ್ಪು ತಿಳಿದು ಬಂದವರು. ಅವರನ್ನು ಬೈದು ಫಲವಿಲ್ಲ, ತಪ್ಪು ಬೋರ್ಡಿನದು. ಚಳ್ಳಕೆರೆಯ ಎಣ್ಣೆ ಮಿಲ್ಲುಗಳ ರಸ್ತೆಯಲ್ಲಿ ನಮ್ಮದೊಂದು ಸಣ್ಣ ಅಂಗಡಿ. ಹೊರಗೆ ‘ಇಲ್ಲಿ ಎಲ್ಲಾ ತರಹದ ಮೋಟರ್ ರೀವೈಂಡಿಂಗ್ ಮಾಡಲಾಗುವುದು’ ಎಂದು ಬರೆದಿದೆ. ಒಳಗೆ ಕಾಲಿಟ್ಟರೆ ಮೇಜಿನ ಮೇಲೆ ಗೇಣುದ್ದದ ರೈಲು ಓಡುತ್ತಿರುತ್ತದೆ.

ಮಾದರಿ ರೈಲು ಮಾಡುವುದು ಈಗ ನಮ್ಮ ಮನೆಯ ಉದ್ಯೋಗ. ಹಳಿ, ಬೋಗಿ, ಎಂಜಿನ್ನಿನ ಮೈ ನನ್ನ ಪಾಲು. ಬಣ್ಣ, ಮರಗಿಡ, ಸ್ಟೇಷನ್ನು, ಪ್ಲಾಟ್‌ಫಾರ್ಮಿನ ಮೇಲೆ ನಿಂತ ಜನ ನನ್ನ ತಂಗಿಯ ಪಾಲು. ಶಾಲೆಗಳಿಗೆ, ರೈಲಿನ ಹುಚ್ಚಿರುವ ದೊಡ್ಡವರಿಗೆ ಪೆಟ್ಟಿಗೆಯಲ್ಲಿ ಕಟ್ಟಿ ಬಸ್ಸಿಗೆ ಹಾಕುತ್ತೇವೆ. ಎಂಜಿನ್ನಿನೊಳಗೆ ಕೂರುವ ಶೇಂಗಾಕಾಯಿಯಷ್ಟು ಪುಟ್ಟ ಮೋಟರಿಗೆ ತಂತಿ ಸುತ್ತುವುದು ಮಾತ್ರ ನಮ್ಮ ಅಬ್ಬಾ. ಮೊದಲು ನಾನು ಹೊರಗಿನಿಂದ ಮೋಟರ್ ತರಿಸುತ್ತಿದ್ದೆ. ಅಬ್ಬಾ ಒಂದನ್ನು ಬಿಚ್ಚಿ, ಕನ್ನಡಕ ಏರಿಸಿ ನೋಡಿ, “ಇದನ್ನು ಸುತ್ತಿದೋನು ಊಟ ಮಾಡ್ತಾ ಸುತ್ತಿದಾನೆ” ಅಂದರು. ಅಂದಿನಿಂದ ಅದು ಅವರದೇ ಕೆಲಸ. ಮನೆಯಲ್ಲಿ ನಾವು ಮಾತಾಡುವುದು ಉರ್ದು. ನಿಮ್ಮ ಅನುಕೂಲಕ್ಕೆ ಅವರ ಬೈಗುಳವನ್ನೂ ಕನ್ನಡಕ್ಕಿಳಿಸಿ ಬರೆಯುತ್ತಿದ್ದೇನೆ, ಖಾರ ಸ್ವಲ್ಪ ಕಡಿಮೆಯಾದರೆ ಕ್ಷಮೆ ಇರಲಿ.

ಬೋರ್ಡ್ ಬದಲಾಯಿಸೋಣ ಅಂದರೆ ಅವರು ಒಪ್ಪಲಿಲ್ಲ. “ನೀರಿನ ಮೋಟರ್ ಸುಟ್ಟರೆ ರೈತ ಉಣ್ಣೋ ತಟ್ಟೆ ಬಿಟ್ಟು ಓಡಿ ಬರ್ತಾನೆ. ಯಾಕೆ? ಅದು ಅವನಿಗೆ ಬೇಕು. ನಿನ್ನ ರೈಲು ನಿಂತೋತು ಅಂತ ಹಂಗೆ ಓಡಿ ಬರೋ ಒಬ್ಬನೇ ಒಬ್ಬನನ್ನ ತೋರಿಸು, ಅವತ್ತೇ ಪೇಂಟರನ್ನ ಕರೆಸ್ತೀನಿ. ಅಲ್ಲೀವರೆಗೂ ಇದು ಆಟದ ಸಾಮಾನು.”

ನಾನೂ ಅವರ ಮಗನೇ ತಾನೆ. “ಆಗ್ಲಿ” ಅಂದೆ.

ಎಷ್ಟು ಎಚ್‌ಪಿ?

ಒಂದು ದಿನ ಹಳ್ಳಿಯ ಗೌಡರೊಬ್ಬರು ಸುಟ್ಟ ಪಂಪಿನ ಮೋಟರನ್ನು ಆಟೋದಲ್ಲಿ ಹಾಕಿಕೊಂಡು ಬಂದರು. ಅಬ್ಬಾ ಅದನ್ನು ಬಿಚ್ಚುತ್ತಿರುವಾಗ ಗೌಡರ ಕಣ್ಣು ಮೇಜಿನ ಮೇಲೆ ಬಿತ್ತು. ರೈಲು ಸುರಂಗ ಹೊಕ್ಕು ಹೊರಬಂತು, ಸ್ಟೇಷನ್ನಿನಲ್ಲಿ ನಿಂತು ಹೊರಟಿತು, ಮತ್ತೆ ಸುರಂಗ ಹೊಕ್ಕಿತು. ಗೌಡರು ಟವೆಲ್ ಕೊಡವಿ ಹಾಸಿ ಕೂತೇಬಿಟ್ಟರು. ಬಹಳ ಹೊತ್ತಿನ ಮೇಲೆ ಬಾಯಿ ಬಿಟ್ಟರು.

“ಸಾಬ್ರೆ, ಇದು ಎಷ್ಟು ಎಚ್‌ಪಿ?”

“ಇದಕ್ಕೆ ಎಚ್‌ಪಿ ಗಿಚ್‌ಪಿ ಇಲ್ಲ ಗೌಡ್ರೆ” ಅಂದರು ಅಬ್ಬಾ.

“ಹಂಗಾರೆ ನೀರು ಎತ್ತಂಗಿಲ್ಲ?”

“ಇಲ್ಲ.”

“ಶೇಂಗಾ ಒಡೆಯಾಕಾದ್ರೂ ಬರ್ತೈತಾ?”

“ಇಲ್ಲ.”

“ಮತ್ತೇನು ಮಾಡ್ತೈತೆ ಇದು?”

“ಸುತ್ತ ತಿರುಗ್ತೈತೆ.”

ಗೌಡರು ನಿಟ್ಟುಸಿರು ಬಿಟ್ಟರು. “ನಮ್ ಅಳಿಯನೂ ಅಷ್ಟೇ ಮಾಡೋದು ಸಾಬ್ರೆ. ಆದ್ರೆ ಇಷ್ಟು ಚೆಂದ ಮಾಡಂಗಿಲ್ಲ ನೋಡ್ರಿ.”

ಅಬ್ಬಾ ನಗಲಿಲ್ಲ. ರೈಲನ್ನೊಮ್ಮೆ ನೋಡಿ, ಆಮೇಲೆ ನನ್ನನ್ನು ನೋಡಿದರು.

ಉಪ್ಪು ಕಾಗದ

ನನ್ನ ತಂಗಿಗೆ ಒಂದು ಕೆಟ್ಟ ಚಾಳಿ ಇದೆ. ಪ್ಲಾಟ್‌ಫಾರ್ಮಿನ ಮೇಲೆ ನಿಲ್ಲಿಸುವ ಗೊಂಬೆಗಳನ್ನು, ಉಗುರಿನಷ್ಟು ಎತ್ತರದವು, ಅವಳು ಪುಸ್ತಕ ನೋಡಿ ಮಾಡುವುದಿಲ್ಲ. ರಸ್ತೆ ನೋಡಿ ಮಾಡುತ್ತಾಳೆ. ‘ಬೇಡಮ್ಮ, ಒಂದು ದಿನ ಸಿಕ್ಕಿಬೀಳ್ತೀಯ’ ಎಂದು ನಾನು ಹೇಳುತ್ತಲೇ ಇದ್ದೆ.

ಸಿಕ್ಕಿಬಿದ್ದಳು. ಎಪಿಎಂಸಿಯ ದಲ್ಲಾಳಿಯೊಬ್ಬರು ಫ್ಯಾನ್ ರಿಪೇರಿಗೆ ಬಂದವರು ಸ್ಟೇಷನ್ನಿನ ಮೇಲೆ ಬಗ್ಗಿದರು. ಬಗ್ಗಿದವರು ಏಳಲೇ ಇಲ್ಲ.

“ಇದು ನಾನಲ್ವೇನಮ್ಮ?”

“ಅಲ್ಲ ಸಾರ್, ಅದು ಸುಮ್ನೆ ಯಾರೋ ಪ್ಯಾಸೆಂಜರ್ರು” ಅಂದಳು ತಂಗಿ, ಬಣ್ಣದ ಬಟ್ಟಲಿನೊಳಗೇ ಮುಖವಿಟ್ಟು.

“ಸುಳ್ಳು ಹೇಳ್ಬೇಡ. ಬೆನ್ನಿಂದೆ ಕೈ ಕಟ್ಕೊಂಡು ಹಿಂಗೆ ಹೊಟ್ಟೆ ಮುಂದೆ ಬಿಟ್ಕೊಂಡು ಯಾರ್ ನಿಂತ್ಕಂತಾರೆ ಈ ಊರಾಗೆ, ನನ್ ಬಿಟ್ರೆ?”

ನಾನು ಜಗಳಕ್ಕೆ ಸಿದ್ಧನಾದೆ. ಅವರು ದನಿ ತಗ್ಗಿಸಿ, “ಹೊಟ್ಟೆ ಸ್ವಲ್ಪ ಕಡಿಮೆ ಮಾಡಮ್ಮ. ಬೇರೆ ಊರಿಗೆ ಹೋಗೋ ಸಾಮಾನು” ಅಂದರು. ತಂಗಿ ಚಿಮಟದಲ್ಲಿ ಗೊಂಬೆ ಹಿಡಿದು ಉಪ್ಪು ಕಾಗದದಲ್ಲಿ ಎರಡು ಸಲ ಉಜ್ಜಿದಳು. ಹೊಟ್ಟೆ ಹೋಯಿತು. ದಲ್ಲಾಳಿಗಳು ಬಿಟ್ಟ ಕಣ್ಣು ಬಿಟ್ಟ ಹಾಗೇ ನಿಂತರು.

“ಆರು ತಿಂಗಳಿಂದ ದಿನಾ ಬೆಳಗ್ಗೆ ಹೈಸ್ಕೂಲ್ ಗ್ರೌಂಡ್ ಸುತ್ತುತಿದೀನಿ. ಒಂದು ಗುಂಡಿ ಸಡಿಲಾಗಿಲ್ಲ. ಆ ಕಾಗದ ಒಂಚೂರು ಹರಿದು ಕೊಡಮ್ಮ, ಮನೇಲಿ ಇರ್ಲಿ.”

ತಂಗಿ ಕೊಟ್ಟಳು, ಅವರು ಮಡಚಿ ಜೇಬಿಗಿಟ್ಟುಕೊಂಡು ಹೋದರು. ಅಬ್ಬಾ ಫ್ಯಾನಿನ ರೆಕ್ಕೆ ಒರೆಸುತ್ತಾ, “ನೋಡಿದ್ಯಾ? ಉಪ್ಪು ಕಾಗದ ಬೇಕಾಯ್ತು. ರೈಲು ಯಾರಿಗೂ ಬೇಕಾಗಲಿಲ್ಲ” ಅಂದರು. ನನಗೆ ಎಷ್ಟು ಉರಿಯಿತೆಂದರೆ ಆ ದಿನ ಮಧ್ಯಾಹ್ನದ ಊಟಕ್ಕೂ ಮನೆಗೆ ಹೋಗಲಿಲ್ಲ. ಅಮ್ಮಿ ಬುತ್ತಿ ಕಳಿಸಿದ ಮೇಲೆ ಉಂಡೆ, ಆ ಮಾತು ಬೇರೆ.

ಬೆಟ್ಟ ಹತ್ತಿದ ರೈಲು

ಮೊಳಕಾಲ್ಮೂರು ಕಡೆಯ ಶಾಲೆಯೊಂದರ ಹೆಡ್‌ಮಾಸ್ತರರು ವಿಜ್ಞಾನದ ಪ್ರದರ್ಶನಕ್ಕೆ ಜಟಿಂಗ ರಾಮೇಶ್ವರ ಬೆಟ್ಟವನ್ನೂ, ಅದನ್ನು ಹತ್ತುವ ರೈಲನ್ನೂ ಮಾಡಿಕೊಡಿ ಅಂದರು.

“ಆ ಬೆಟ್ಟಕ್ಕೆ ರೈಲಿಲ್ಲವಲ್ಲ ಸಾರ್?” ಅಂದೆ.

“ಅದಕ್ಕೇ ಕೇಳ್ತಿರೋದು. ಮೆಟ್ಟಿಲು ಹತ್ತಾಕೆ ನನ್ ಮಂಡಿ ಬಿಡಂಗಿಲ್ಲ. ನೋಡಾಕಾದ್ರೂ ಇರ್ಲಿ.”

ಬೆಟ್ಟ ಚೆನ್ನಾಗಿಯೇ ಬಂತು. ತೊಂದರೆಯಾದದ್ದು ಮೋಟರಿನಿಂದ. ಏರು ಅಂದ ಕೂಡಲೇ ಅಬ್ಬಾಗೆ ಬೋರ್‌ವೆಲ್ಲಿನ ಆಳ ನೆನಪಾಗಿರಬೇಕು. ತೆಳು ತಂತಿ ಬೇಗ ಸುಡುತ್ತದೆಂದು ದಪ್ಪ ತಂತಿ ತೆಗೆದುಕೊಂಡು, ಹಿಡಿಸಿದಷ್ಟು ಸುತ್ತು ಸುತ್ತಿದ್ದರು. ದಪ್ಪ ತಂತಿ ಹೆಚ್ಚು ಸುತ್ತು ಹಿಡಿಸುವುದಿಲ್ಲ, ಸುತ್ತು ಕಡಿಮೆಯಾದರೆ ಮೋಟರಿಗೆ ಕೊಬ್ಬು ಬಂದು ವೇಗ ಏರುತ್ತದೆ. ಪ್ರದರ್ಶನದ ದಿನ ಮಕ್ಕಳು, ತಂದೆತಾಯಿಗಳು, ಅಜ್ಜಂದಿರು ಎಲ್ಲ ಸುತ್ತ ನಿಂತಿದ್ದಾಗ ನಾನು ಸ್ವಿಚ್ ಒತ್ತಿದೆ. ರೈಲು ಬೆಟ್ಟ ಹತ್ತಿದ್ದನ್ನು ಯಾರೂ ಕಾಣಲಿಲ್ಲ. ತುದಿಯಿಂದ ಹಾರಿದ್ದನ್ನು ಎಲ್ಲರೂ ಕಂಡರು. ಪಕ್ಕದ ಟೇಬಲ್ಲಿನ ಮೇಲೆ ಹೆಡ್‌ಮಾಸ್ತರರು ಆಗತಾನೇ ಬಿಚ್ಚಿಟ್ಟಿದ್ದ ಕ್ಯಾರಿಯರಿನ ಸಾರಿನಲ್ಲಿ ಅದು ನೆಟ್ಟಗೆ ಹೋಗಿ ಇಳಿಯಿತು.

ಹೆಡ್‌ಮಾಸ್ತರರು ಅಂಗಿಯ ಮೇಲಿನ ಬೇಳೆ ಒರೆಸಿಕೊಂಡು ನಿಧಾನವಾಗಿ ಹೇಳಿದರು: “ನಾನು ರೈಲು ಬೆಟ್ಟ ಹತ್ಲಿ ಅಂದಿದ್ದೆ. ಊಟಕ್ಕೆ ಬರ್ಲಿ ಅಂದಿರ್ಲಿಲ್ಲ.”

ನಾನು ಭೂಮಿಗಿಳಿದು ಹೋದೆ. ಅಬ್ಬಾಗೆ ಅದ್ಯಾವುದೂ ಇಲ್ಲ. ಸಾರಿನಿಂದ ಎಂಜಿನ್ ಎತ್ತಿ, ಒರೆಸಿ, ಹಳಿಯ ಮೇಲಿಟ್ಟರು. ಓಡಿತು! “ನೋಡು, ಸಾರಲ್ಲಿ ಮುಳುಗಿದರೂ ಸುಟ್ಟಿಲ್ಲ. ನಲವತ್ತು ವರ್ಷದಿಂದ ನಾನು ಸುತ್ತಿದ ಒಂದು ಮೋಟರ್ ವಾಪಸ್ ಬಂದಿಲ್ಲ” ಎಂದು ಮೀಸೆಯಡಿ ನಕ್ಕರು.

ಬಸ್ಸಿನಲ್ಲಿ ನಾನು ಕೇಳಿದೆ, “ನೀವು ಸುತ್ತಿದ್ದು ಕೆಡೋದೇ ಇಲ್ಲ ಅಂದ್ರೆ, ಕೆಟ್ಟೋಯ್ತು ಅಂತ ಓಡಿ ಬರೋರು ಎಲ್ಲಿಂದ ಬರ್ಬೇಕು ಅಬ್ಬಾ?”

“ಅದು ನಿನ್ನ ತಲೆನೋವು” ಅಂದು ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದರು.

ಕಂಡಿಕೆ ಬಂಡಿ

ಆ ಸಾರಿನ ಪ್ರಸಂಗವನ್ನು ಜನರ ನಡುವೆ ನಿಂತು ನೋಡಿದವರಲ್ಲಿ ಮೊಳಕಾಲ್ಮೂರಿನ ಮುದಿ ನೇಕಾರರೊಬ್ಬರಿದ್ದರು. ಎಲ್ಲರಿಗೂ ಅದು ಅಪಘಾತವಾಗಿ ಕಂಡರೆ, ಅವರಿಗೆ ಸಾಮಾನು ಸಾಗಿಸುವ ದಾರಿಯಾಗಿ ಕಂಡಿತು. ಮುಂದಿನ ವಾರ ಅಂಗಡಿಗೆ ಬಂದು, ಜೇಬಿನಿಂದ ದಾರದ ಉಂಡೆ ತೆಗೆದು ಮೇಜಿನ ಮೇಲಿಟ್ಟರು.

“ಈ ದಾರದಷ್ಟುದ್ದ ಹಳಿ ಬೇಕು. ಹಿಂದಿನ ಕೋಣೆಯಿಂದ ಮಗ್ಗದ ಗುಂಡಿಗಂಟ. ರೈಲಿನ ಮ್ಯಾಲೆ ಕಂಡಿಕೆ ಬರ್ಬೇಕು.”

ಕಂಡಿಕೆ ಅಂದರೆ ಲಾಳಿಯೊಳಗೆ ಹಾಕುವ, ರೇಷ್ಮೆ ನೂಲು ಸುತ್ತಿದ ಪುಟ್ಟ ಕೊಳವೆ. ಹಿಂದಿನ ಕೋಣೆಯಲ್ಲಿ ಹೆಂಡತಿ ರಾಟೆಯಲ್ಲಿ ಸುತ್ತುತ್ತಾರೆ, ಮುಂದೆ ಗಂಡ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತು ನೇಯುತ್ತಾರೆ.

“ಕೂಗಿದ್ರೆ ತಂದು ಕೊಡಲ್ವಾ ಅಜ್ಜಾರೆ?” ಅಂದೆ.

“ಕೂಗಿದ್ರೆ ಮಾತಾಡ್ಸಿದಂಗಾಗ್ತೈತೆ.”

ನಾಲ್ಕು ತಿಂಗಳಿಂದ ಗಂಡ ಹೆಂಡತಿಗೆ ಮಾತಿಲ್ಲವಂತೆ. ಸೀರೆ ನೋಡಲು ಬಂದವರ ಮುಂದೆ ಅಜ್ಜ ಅಂಚಿನ ಬಣ್ಣವನ್ನು ನಿಂಬೆಹಣ್ಣಿನದು ಅಂದರು. ಅಜ್ಜಿ, “ಅದು ಅರಿಶಿನ. ನಿಮಗೆ ಕಣ್ಣು ಮಂಜಾಗೈತೆ” ಅಂದರು. ಬಂದವರು ನಕ್ಕರು. ನೇಕಾರನಿಗೆ ಕಣ್ಣು ಮಂಜು ಅಂದರೆ ನಮ್ಮ ಅಬ್ಬಾಗೆ ನೀವು ಸುತ್ತಿದ ಮೋಟರ್ ಸುಟ್ಟಿದೆ ಅಂದ ಹಾಗೆ.

ಹುಚ್ಚು ಜನ ಅಂದುಕೊಂಡೆ ನಾನು. ಅಬ್ಬಾ ಮಾತ್ರ ನೆಟ್ಟಗೆ ಕೂತರು. “ಅಂದ್ರೆ ಲೋಡ್ ಎಳೆಯೋ ರೈಲು!” ಅಂದರು. ಹಬ್ಬದ ಬಟ್ಟೆ ಹೊಲಿಸುವವರ ಹುರುಪಿನಲ್ಲಿ ಮೋಟರ್ ಸುತ್ತಿದರು.

ಹಳಿ ಹಾಕಿಕೊಟ್ಟು ಬಂದೆವು. ರೈಲು ದಿನವೂ ದುಡಿಯಿತು. ಕಂಡಿಕೆಯ ಜೊತೆ ಎಲೆ ಅಡಿಕೆ ಬರತೊಡಗಿತಂತೆ, ಬಿಪಿ ಮಾತ್ರೆ ಬಂತಂತೆ, ಅಕ್ಕಪಕ್ಕದ ಮನೆಯವರು ನೋಡಲು ಬರುತ್ತಿದ್ದಾರಂತೆ. ಒಂದು ತಿಂಗಳು ಅಜ್ಜ ಫೋನಿನಲ್ಲಿ ಹೊಗಳಿದ್ದೇ ಹೊಗಳಿದ್ದು.

ಆಮೇಲೆ ಒಂದು ಬೆಳಗ್ಗೆ ಅಜ್ಜ ಬಸ್ ಸ್ಟ್ಯಾಂಡಿನಿಂದ ಓಡುತ್ತಲೇ ಬಂದರು. ಏದುಸಿರು, ಹೆಗಲ ಮೇಲಿನ ವಲ್ಲಿ ನೆಲಕ್ಕೆ. “ಸಾಬ್ರೆ, ರೈಲು ನಿಂತೋತು! ಮಗ್ಗಾನೂ ನಿಂತೈತೆ!”

ನಾನು ಗೆದ್ದಿದ್ದೆ. ಓಡಿ ಬರುವ ಒಬ್ಬನೇ ಒಬ್ಬ ಕಣ್ಣೆದುರು ನಿಂತಿದ್ದ. ಆದರೆ ಅಬ್ಬಾನ ಮುಖ ನೋಡಿ ನನಗೆ ಕುಣಿಯುವ ಮನಸ್ಸಾಗಲಿಲ್ಲ. ಅವರು ತಂಗಿಗೆ, “ಪೇಂಟರಿಗೆ ಫೋನ್ ಮಾಡಿ ಬೋರ್ಡ್ ಬರೀಬೇಕು ಅಂತ ಹೇಳು” ಅಂದರು. ಕೊಟ್ಟ ಮಾತಿಗೆ ತಪ್ಪುವವರಲ್ಲ. ಚೀಲಕ್ಕೆ ಸ್ಕ್ರೂಡ್ರೈವರ್ ಹಾಕಿಕೊಳ್ಳುವಾಗ ಮೆಲ್ಲಗೆ, “ನನ್ನ ಮೋಟರ್ ನಿಂತಿದೆ” ಅಂದರು. ಅಜ್ಜನ ಜೊತೆ ಮೊಳಕಾಲ್ಮೂರಿನ ಬಸ್ಸು ಹತ್ತಿದೆವು.

ಅವರ ಮನೆಯಲ್ಲಿ ಎಂಜಿನ್ ಮಗುಚಿ ನೋಡಿದರೆ ಹಿಂದಿನ ಚಕ್ರಕ್ಕೆ ರೇಷ್ಮೆ ಎಳೆ ಸುತ್ತಿಕೊಂಡಿತ್ತು. “ಇಷ್ಟೇನಾ? ಬಿಡಿಸಿದ್ರಾಯ್ತು” ಎಂದು ಕೈಹಾಕಿದೆ. ಅಬ್ಬಾ ನನ್ನ ಕೈ ಹಿಡಿದರು.

“ಸುತ್ತು ನೋಡು” ಎಂದು ಉರ್ದುವಿನಲ್ಲಿ ಪಿಸುಗುಟ್ಟಿದರು. “ಒಂದರ ಪಕ್ಕ ಒಂದು ಕೂತಿದೆ. ಒಂದರ ಮೇಲೊಂದು ಹತ್ತಿಲ್ಲ. ತಾನಾಗಿ ಸಿಕ್ಕಿಕೊಂಡ ಎಳೆ ಹೀಗೆ ಕೂರೋದಿಲ್ಲ. ಇದು ದಿನಾ ಸುತ್ತೋ ಕೈ.”

ಸುಮ್ಮನೆ ಎದ್ದು, ನೀರು ಬೇಕೆಂದು ಹಿಂದಿನ ಕೋಣೆಯ ಬಾಗಿಲಿಗೆ ಹೋದರು. ನಾನೂ ಹಿಂದೆ ಹೋದೆ. ರಾಟೆಯ ಮುಂದೆ ಕೂತಿದ್ದ ಅಜ್ಜಿ ಅಬ್ಬಾನ ಕೈಯಲ್ಲಿದ್ದ ಎಂಜಿನ್ ನೋಡಿ ತಲೆ ತಗ್ಗಿಸಿದರು.

“ಮೊದ್ಲು ಕಂಡಿಕೆ ಬೇಕಂದ್ರೆ ಎದ್ದು ಬಂದು ಇಲ್ಲಿ ನಿಂತ್ಕಂತಿದ್ರು ಸಾಬ್ರೆ. ಮಾತಾಡ್ತಿರ್ಲಿಲ್ಲ, ಕೆಮ್ಮುತಿದ್ರು. ಕೆಮ್ಮಾದ್ರೂ ಕೇಳ್ತಿತ್ತು. ನಿಮ್ ರೈಲು ಬಂದ್ಮ್ಯಾಲೆ ಕೆಮ್ಮೂ ಇಲ್ಲ.”

ಅಬ್ಬಾ ನೀರು ಕುಡಿದು ಹೊರಗೆ ಬಂದರು. ಬಾಗಿಲಲ್ಲಿ ಅಕ್ಕಪಕ್ಕದ ಮನೆಯವರು ಹತ್ತು ಜನ ಸೇರಿದ್ದರು. ಮಗ್ಗದ ಗುಂಡಿಯಲ್ಲಿ ಕೂತ ಅಜ್ಜ, “ಏನಾಗೈತೆ ಸಾಬ್ರೆ?” ಅಂದರು.

“ಮೋಟರ್ ಸುಟ್ಟೈತೆ ಯಜಮಾನ್ರೆ” ಅಂದರು ಅಬ್ಬಾ. “ನಾನು ಸುತ್ತಿದ್ದು ಸರಿ ಇರ್ಲಿಲ್ಲ.”

ಅಬ್ಬಾ ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು, ಅದೂ ತಮ್ಮ ಮೇಲೆ ತಾವೇ, ಅಷ್ಟು ಜನರ ಎದುರಿಗೆ. ಆ ಗಳಿಗೆಯಲ್ಲಿ ಅವರ ಮೇಲೆ ಬಂದಷ್ಟು ಪ್ರೀತಿ ನನಗೆ ಯಾವತ್ತೂ ಬಂದಿರಲಿಲ್ಲ.

“ಹಂಗಾರೆ ಕಂಡಿಕೆಗೆ ಏನ್ ಮಾಡ್ಲಿ?” ಅಜ್ಜ ಕಂಗಾಲಾದರು.

“ಬಾಯಿ ಬಿಟ್ಟು ಕೇಳ್ರಿ. ನಾನು ನನ್ ಬಿಗುಮಾನ ನುಂಗಿದ್ದಾಯ್ತು, ಈಗ ನಿಮ್ ಪಾಳಿ.”

ಅಜ್ಜ ಸೂರು ನೋಡಿದರು, ನೆಲ ನೋಡಿದರು, ಕೊನೆಗೆ ಗಂಟಲು ಸರಿಮಾಡಿಕೊಂಡು ಹಿಂದಿನ ಕೋಣೆಯ ಕಡೆ ಕೂಗಿದರು: “ಲೇ, ಒಂದು ಕಂಡಿಕೆ ಕೊಡು!”

ಒಳಗೆ ರಾಟೆ ನಿಂತಿತು. “ಯಾವ್ ಬಣ್ಣದ್ದು?”

ಬಾಗಿಲಲ್ಲಿ ನಿಂತವರೆಲ್ಲ ಕತ್ತು ಮುಂದೆ ಚಾಚಿದರು. ಅಜ್ಜ ವಲ್ಲಿಯಿಂದ ಹಣೆ ಒರೆಸಿಕೊಂಡರು.

“ಅರಿಶಿನದ್ದೇ ಕೊಡು.”

ಆಮೇಲೆ ಅಜ್ಜಿ ಕಂಡಿಕೆ ಹಿಡಿದು ತಾವೇ ಹೊರಗೆ ಬಂದರು, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ. “ಅರಿಶಿನ ಅಲ್ಲ ತಗೋರಿ. ಬಿಸಿಲಿಗೆ ಹಿಡಿದು ನೋಡ್ದೆ. ನೀವ್ ಹೇಳ್ದಂಗೆ ನಿಂಬೇನೇ.”

“ಇಲ್ಲ ಕಣೇ, ನಾನೂ ನೋಡ್ದೆ. ಅರಿಶಿನಾನೇ.”

“ನಿಂಬೆ ಅಂತಿಲ್ವಾ ನಾನು?”

“ಅರಿಶಿನ ಅಂದ್ರೆ ಅರಿಶಿನ! ನನ್ ಕಣ್ಣೇನು ಮಂಜಾಗೈತಾ?”

ಆಂಧ್ರದ ಗಡಿಯ ಊರು ತಾನೆ, ಕನ್ನಡದಲ್ಲಿ ಶುರುವಾದ ಜಗಳ ನೋಡುನೋಡುತ್ತಲೇ ತೆಲುಗಿಗೆ ದಾಟಿ ರಂಗೇರಿತು. ನಾನು ಇನ್ನು ಈ ಮನೆಯಲ್ಲಿ ರೈಲಿಗೆ ಕೆಲಸವಿಲ್ಲವೆಂದು ಹಳಿ ಬಿಚ್ಚಲು ಬಗ್ಗಿದೆ. ಅಬ್ಬಾ ನನ್ನ ಭುಜ ತಟ್ಟಿ ಎಬ್ಬಿಸಿದರು.

“ಬಿಡು, ಹಳಿ ಅಲ್ಲೇ ಇರ್ಲಿ. ಈ ದನಿ ನೋಡಿದ್ರೆ ಸಂಜೆ ಒಳಗೇ ಮತ್ತೆ ರೈಲು ಬೇಕಾಗ್ತೈತೆ.”