ಗಂಟಲು ಕೈಕೊಟ್ಟ ಮೇಲೆ ಕೆಲಸ ಹುಡುಕಿದ್ದು

ಇಪ್ಪತ್ತೆರಡನೇ ವಯಸ್ಸಿನಲ್ಲಿ ಕೆಲಸ ಹುಡುಕುತ್ತಿದ್ದೇನೆ ಎಂದರೆ ಜನ ತಲೆ ಸವರಿ ‘ಒಳ್ಳೆಯದಾಗಲಿ’ ಎನ್ನುತ್ತಾರೆ. ನಲವತ್ತಾರರಲ್ಲಿ ಅದೇ ಮಾತು ಹೇಳಿ ನೋಡಿ. ಎದುರಿನವರ ಮುಖ ಇದ್ದಕ್ಕಿದ್ದಂತೆ ಬಾಡುತ್ತದೆ. ಸಾವಿನ ಮನೆಗೆ ಬಂದವರ ಹಾಗೆ ಹತ್ತಿರ ಸರಿದು, ‘ಯಾಕೆ, ಏನಾಯ್ತು?’ ಎಂದು ಕೇಳುತ್ತಾರೆ. ಏನಾಯಿತು ಎಂದು ವಿವರಿಸುವುದಕ್ಕೆ ಬೇರೆಯವರಿಗಾದರೆ ಬಾಯಿ ಇರುತ್ತದೆ. ನನ್ನ ವಿಷಯದಲ್ಲಿ ಆದದ್ದೇ ಬಾಯಿಗೆ ಸಂಬಂಧಪಟ್ಟದ್ದು. ಆದ್ದರಿಂದ ಕೇಳಿದವರಿಗೆಲ್ಲ ಗಂಟಲು ಮುಟ್ಟಿ ತೋರಿಸಿ ಸುಮ್ಮನಾಗುತ್ತಿದ್ದೆ. ಅವರು ಅದನ್ನು ಬೇರೆ ಇನ್ನೇನೋ ದೊಡ್ಡ ಕಾಯಿಲೆ ಎಂದುಕೊಂಡು ಮನೆಗೆ ಹಣ್ಣು ಹಿಡಿದುಕೊಂಡು ಬರುತ್ತಿದ್ದರು.

ನಾನು ರಾಮನಗರದ ಒಂದು ಖಾಸಗಿ ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಹೆಸರು ಗೀತಾ, ಆದರೆ ಊರಿನಲ್ಲಿ ಅರ್ಧ ಜನಕ್ಕೆ ಗೀತಾ ಮಿಸ್ ಎಂದರೇ ಗೊತ್ತು. ಕಿಟಕಿಯಾಚೆ ರಸ್ತೆ, ರಸ್ತೆಯಲ್ಲಿ ಲಾರಿ, ಒಳಗೆ ಅರವತ್ತು ಮಕ್ಕಳು. ಇವರೆಲ್ಲರನ್ನೂ ಮೀರಿಸಿ ಪೈಥಾಗೊರಸನ ಪ್ರಮೇಯ ಹೇಳಬೇಕೆಂದರೆ ಕೂಗಲೇಬೇಕು. ಎರಡು ದಶಕ ಕೂಗಿದೆ. ಒಂದು ಬೇಸಗೆಯಲ್ಲಿ ದನಿ ಒಡೆಯಿತು, ಆಮೇಲೆ ಗರಗರ ಎಂದಿತು, ಕೊನೆಗೆ ಬರುವುದೇ ನಿಂತಿತು. ಡಾಕ್ಟರು ಗಂಟಲೊಳಗೆ ಕ್ಯಾಮೆರಾ ಇಳಿಸಿ ನೋಡಿ, ಧ್ವನಿತಂತುಗಳ ಮೇಲೆ ಗಂಟುಗಳಾಗಿವೆ, ಸ್ವಲ್ಪ ಕಾಲ ಮಾತೇ ಆಡಬೇಡಿ ಎಂದರು. ‘ಆಯ್ತು’ ಎಂದು ಪಿಸುಗುಟ್ಟಿದೆ. ಅವರು ಗದರಿದರು: ‘ಪಿಸುಗುಟ್ಟೋದಂತೂ ಇನ್ನೂ ಕೆಟ್ಟದ್ದಮ್ಮ. ಸುಮ್ಮನಿರಿ ಅಂದ್ರೆ ಸುಮ್ಮನಿರಿ.’ ಜೀವಮಾನವಿಡೀ ಮಕ್ಕಳಿಗೆ ನಾನು ಹೇಳಿಕೊಂಡು ಬಂದ ಮಾತನ್ನು ನನಗೇ ಒಬ್ಬರು ಹೇಳುತ್ತಿದ್ದರು. ಇನ್ನು ಮುಂದೆ ದನಿ ಬಂದರೂ ಅದು ಮನೆಮಾತಿಗೆ ಸಾಕಾಗುವಷ್ಟೇ, ತರಗತಿಗೆ ಸಾಲದು ಎಂದೂ ಹೇಳಿದರು.

ಮುಖ್ಯೋಪಾಧ್ಯಾಯರು ಒಳ್ಳೆಯವರು. ‘ಸದ್ಯಕ್ಕೆ ರೆಸ್ಟ್ ತಗೊಳ್ಳಿ ಮೇಡಂ, ಆಮೇಲೆ ನೋಡೋಣ’ ಎಂದು ಕಳಿಸಿಕೊಟ್ಟರು. ಆ ‘ಆಮೇಲೆ ನೋಡೋಣ’ವನ್ನು ನಾನು ಮನೆಗೆ ಕಟ್ಟಿಕೊಂಡು ಬಂದೆ.

ನನ್ನ ಯಜಮಾನರು ರಂಗಸ್ವಾಮಿ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಲೋಕದಲ್ಲಿ ಕೆಟ್ಟುಹೋದದ್ದೆಲ್ಲ ಅವರಿಗೆ ಬಸ್ಸಿನ ಹಾಗೆಯೇ ಕಾಣುತ್ತದೆ. ನನ್ನ ರಿಪೋರ್ಟನ್ನು ಬೆಳಕಿಗೆ ಹಿಡಿದು ನೋಡಿ, ‘ಇಂಜಿನ್ ಎಲ್ಲ ಕಂಡೀಶನ್ನಾಗೈತೆ, ಹಾರನ್ ಒಂದು ಹೋಗೈತೆ ಅಷ್ಟೆ. ರೂಟ್ ಚೇಂಜ್ ಮಾಡಾಣ ಬುಡು’ ಎಂದರು. ತಮಾಷೆಗೆ ಹೇಳಿದ್ದಾದರೂ ಆ ದಿನ ಅವರು ಸರಿಯಾಗಿ ಊಟ ಮಾಡಲಿಲ್ಲ. ಮಗಳು ಆಗ ತಾನೇ ನರ್ಸಿಂಗ್ ಸೇರಿದ್ದಳು. ಮನೆ ನಡೆಯುವುದಕ್ಕೆ ಎರಡು ಸಂಬಳ ಬೇಕು ಎನ್ನುವುದು ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಅದನ್ನು ಆಡಲಿಲ್ಲ. ನಾನಂತೂ ಆಡುವ ಹಾಗೇ ಇರಲಿಲ್ಲ.

ದನಿ ಒಂದಿಷ್ಟು ಮರಳಿದ ಮೇಲೆ ನಾನು ಯೋಚನೆಗೆ ಕೂತೆ. ಸಿಕ್ಕಿದ ಕೆಲಸಕ್ಕೆ ಓಡುವುದು ಬೇಡ. ಈ ವಯಸ್ಸಿನಲ್ಲಿ ತಪ್ಪು ಹೆಜ್ಜೆ ಇಟ್ಟರೆ ತಿದ್ದುವುದಕ್ಕೆ ಸಮಯವಿಲ್ಲ. ಶಾಂತವಾಗಿ, ಶಾಸ್ತ್ರೋಕ್ತವಾಗಿ ಹುಡುಕಬೇಕು ಎಂದು ತೀರ್ಮಾನಿಸಿದೆ. ನಮ್ಮ ರೇಖಾಗಣಿತದಲ್ಲಿ ದತ್ತ, ಸಾಧನೀಯ ಎಂದು ಇರುತ್ತದಲ್ಲ, ಹಾಗೆ. ದತ್ತ: ಗಂಟಲು ಇಲ್ಲದ ಒಬ್ಬ ಗಣಿತದ ಮೇಡಂ. ಸಾಧನೀಯ: ಮರ್ಯಾದೆಯ ಒಂದು ಕೆಲಸ. ಯಾವುದಕ್ಕೂ ಒಪ್ಪಿಕೊಳ್ಳುವ ಮೊದಲು ಆ ಜಾಗದಲ್ಲಿ ಒಂದು ಹೊತ್ತು ಕೂತು ನೋಡಬೇಕು, ಅಲ್ಲಿಯವರನ್ನು ವಿಚಾರಿಸಬೇಕು ಎಂದು ನಿಯಮ ಮಾಡಿಕೊಂಡೆ. ಈ ನಿಯಮವನ್ನು ಕೇಳಿದವರೆಲ್ಲ ಮೆಚ್ಚಿದರು. ನಾನೂ ಮೆಚ್ಚಿದೆ.

ಮೊದಲು ಕೂತು ನೋಡಿದ್ದು ನನ್ನ ತಮ್ಮನ ಹೋಟೆಲಿನಲ್ಲಿ. ನಮ್ಮ ತವರು ಮಾಗಡಿ ಕಡೆಯ ಕಲ್ಯ ಎಂಬ ಹಳ್ಳಿ. ತಮ್ಮ ಮಂಜು ಹೊಲವನ್ನು ಗೇಣಿಗೆ ಕೊಟ್ಟು ಸಾವನದುರ್ಗದ ದಾರಿಯಲ್ಲಿ ಹೋಟೆಲು ಹಾಕಿದ್ದಾನೆ. ಶನಿವಾರ ಭಾನುವಾರ ಬೆಟ್ಟ ಹತ್ತಲು ಬರುವವರ ಕಾಟದಲ್ಲಿ ಅವನಿಗೆ ಗಲ್ಲಾದ ಮೇಲೆ ಕೂರುವುದಕ್ಕೆ ನಂಬಿಕೆಯ ಜನ ಬೇಕಿತ್ತು. ‘ನೀನು ತುಟಿ ಬಿಚ್ಚೋ ಹಂಗೇ ಇಲ್ಲ ಅಕ್ಕ. ಸುಮ್ಕೆ ದುಡ್ಡು ಇಸ್ಕೊ, ಚಿಲ್ರೆ ಕೊಡು’ ಎಂದ. ಹೋಗಿ ಕೂತೆ. ಬಂದವರೆಲ್ಲ ತಿಂಡಿ ಏನಿದೆ ಎಂದು ಕೇಳುವುದು ಗಲ್ಲಾದವರನ್ನೇ. ಅವರು ಹೇಳಿದ್ದನ್ನು ಒಳಗಿನ ಅಡುಗೆಮನೆಗೆ ಮುಟ್ಟಿಸಬೇಕಾದವರೂ ಗಲ್ಲಾದವರೇ. ‘ನಾಲ್ಕು ತಟ್ಟೆ ಇಡ್ಲಿ, ಎರಡು ಖಾಲಿ ದೋಸೆ’ ಎಂದು ಕೂಗುವ ಬದಲು ನಾನು ಸ್ಟೀಲ್ ಲೋಟವನ್ನು ಮೇಜಿನ ಮೇಲೆ ಕುಟ್ಟಿದೆ. ಮಂಜು ಸೌಟು ಹಿಡಿದು ಓಡಿ ಬಂದ. ಮತ್ತೆ ಕುಟ್ಟಿದೆ, ಮತ್ತೆ ಓಡಿ ಬಂದ. ಬೆಂಗಳೂರಿನಿಂದ ಬಂದಿದ್ದ ಒಂದು ಗುಂಪು ನನಗೆ ಸಿಟ್ಟು ಬಂದಿದೆ ಎಂದುಕೊಂಡು ಚಟ್ನಿಯನ್ನೂ ಎರಡನೇ ಸಲ ಕೇಳದೆ ಎದ್ದುಹೋಯಿತು. ಸಂಜೆ ಮಂಜುವೇ ಬಸ್ಸು ಹತ್ತಿಸಿ, ‘ಬೇಜಾರು ಮಾಡ್ಕಬ್ಯಾಡ ಅಕ್ಕ, ಹಬ್ಬಕ್ಕೆ ಬಾ’ ಎಂದ.

ಎರಡನೆಯದು ನಿಜಕ್ಕೂ ಒಳ್ಳೆಯ ಕೆಲಸ. ಶಾಹೀನ್ ಎಂದು ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಾಯಿ. ಗಂಡ ತೀರಿಕೊಂಡ ಮೇಲೆ ಮನೆಯ ಹಿಂದಿನ ರೇಷ್ಮೆ ಕಾರ್ಖಾನೆಯನ್ನು ತಾನೇ ನಡೆಸುತ್ತಿದ್ದಾಳೆ. ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ ನೂಲು ಬಿಚ್ಚುವ ಕಾರ್ಖಾನೆ. ಅಲ್ಲಿ ಬಂದ ಗೂಡೆಷ್ಟು, ಹೋದ ನೂಲೆಷ್ಟು ಎಂದು ಲೆಕ್ಕ ನೋಡಿಕೊಳ್ಳುವವರು ಬೇಕಿತ್ತು. ‘ನಮ್ಮಲ್ಲಿ ಮಾತಿನ ಕೆಲ್ಸಾನೇ ಇಲ್ಲ ಮಿಸ್. ಮಿಷನ್ ಸದ್ದಿಗೆ ಎಲ್ರೂ ಕೈಸನ್ನೇಲೇ ಮಾತಾಡೋದು. ನೀವು ಬಂದ್ರೆ ನನಗೆ ಧೈರ್ಯ’ ಎಂದಳು. ಒಂದು ಬೆಳಗ್ಗೆ ಪೂರ್ತಿ ಕೂತು ನೋಡಿದೆ. ಅವಳು ಹೇಳಿದ್ದೆಲ್ಲ ನಿಜ. ಲೆಕ್ಕ ನನಗೆ ನೀರು ಕುಡಿದ ಹಾಗೆ. ಬೆಂದ ಹುಳುವಿನ ವಾಸನೆಗೂ ಮಧ್ಯಾಹ್ನದ ಹೊತ್ತಿಗೆ ಮೂಗು ಒಗ್ಗಿತ್ತು. ಆದರೂ ಮನೆಗೆ ಬಂದು ಯಜಮಾನರಿಗೆ, ‘ಆಗೋದಿಲ್ಲ ರೀ. ಯಾವಾಗಲೂ ಬಿಸಿನೀರಿನ ಹಬೆ. ನನ್ನ ಗಂಟಲಿಗೆ ತಡೆಯಲ್ಲ’ ಎಂದೆ.

ಅವರು ಬನಿಯನ್ನಿಗೆ ಅಂಟಿದ್ದ ಗ್ರೀಸು ಕೆರೆಯುತ್ತಿದ್ದವರು ತಲೆಯೆತ್ತಿದರು. ‘ಡಾಕ್ಟ್ರು ದಿನಾ ಎರಡೊತ್ತು ಹಬೆ ತಗಳಿ ಅಂದವ್ರೆ. ನೀನು ಹಬೆ ಐತೆ ಅಂತ ಬುಟ್ಟು ಬಂದಿದ್ದೀಯ?’

ನಾನು ಮಡಿಚಿಟ್ಟಿದ್ದ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಿಚತೊಡಗಿದೆ.

‘ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕಬ್ಯಾಡ ಕಣಮ್ಮಿ,’ ಎಂದರು, ‘ನೀನು ಕೆಲ್ಸ ಹುಡುಕ್ತಾ ಇಲ್ಲ. ಇಸ್ಕೂಲಿಂದ ಫೋನ್ ಬತ್ತದೆ ಅಂತ ಕಾಯ್ತಾ ಕುಂತಿದ್ದೀಯ. ಹುಡುಕೋರು ಇಂಗೆ ಹುಡುಕಲ್ಲ.’

ಮದುವೆಯಾದಾಗಿನಿಂದ ನಮ್ಮಿಬ್ಬರ ಜಗಳಗಳಲ್ಲಿ ಗೆದ್ದವಳು ನಾನು. ಗೆದ್ದದ್ದು ನ್ಯಾಯದಿಂದಲೋ ಗಂಟಲಿನಿಂದಲೋ ಎಂದು ಯಾವತ್ತೂ ಯೋಚಿಸಿರಲಿಲ್ಲ. ಆ ದಿನ ದನಿಯೇರಿಸಲು ಬಾಯಿ ತೆರೆದೆ. ಬಂದದ್ದು ಬೆಕ್ಕಿನ ಮರಿಯ ಸದ್ದು. ಅವರು ಗೆದ್ದ ಸಂತೋಷವನ್ನೂ ಪಡದೆ ಎದ್ದುಹೋಗಿ ನನ್ನ ಹಬೆಗೆ ನೀರು ಕಾಯಿಸಲು ಇಟ್ಟರು. ಅದು ಸೋಲಿಗಿಂತ ಕಷ್ಟವಾಯಿತು.

ಅವರು ಹೇಳಿದ್ದು ಸುಳ್ಳೆಂದು ನನಗೇ ತೋರಿಸಿಕೊಳ್ಳಬೇಕಿತ್ತು. ಮರುದಿನ ತರಕಾರಿಯ ನೆಪ ಮಾಡಿಕೊಂಡು ಶಾಲೆಯ ಕಡೆ ಹೋದೆ. ಒಳಗೆ ಹೋಗುವ ಉದ್ದೇಶವಿರಲಿಲ್ಲ, ಇತ್ತೇನೋ, ಗೊತ್ತಿಲ್ಲ. ಒಂಬತ್ತನೇ ತರಗತಿಯ ಕಿಟಕಿ ರಸ್ತೆಯ ಪಕ್ಕಕ್ಕೇ ಇದೆ. ಒಳಗಿನಿಂದ ಒಂದು ಹೊಸ ದನಿ ಕೇಳುತ್ತಿತ್ತು. ಎಳೆಯ ಹುಡುಗಿಯ ದನಿ, ಗಂಟೆಯ ಹಾಗೆ ಖಣಖಣ ಎನ್ನುವಂಥದ್ದು. ಅವಳು ತ್ರಿಕೋನದ ಮೂರು ಕೋನಗಳ ಮೊತ್ತ ಹೇಳಿಕೊಡುತ್ತಿದ್ದಳು. ಮಕ್ಕಳು ಒಕ್ಕೊರಲಿನಿಂದ ಹೇಳುತ್ತಿದ್ದರು. ಚೆನ್ನಾಗಿಯೇ ಪಾಠ ಮಾಡುತ್ತಿದ್ದಳು. ಎಲ್ಲಾದರೂ ಒಂದು ತಪ್ಪು ಸಿಗುತ್ತದೇನೋ ಎಂದು ನಾನು ಸೊಪ್ಪಿನ ಚೀಲ ಹಿಡಿದು ಗೋಡೆಯ ಬದಿಯಲ್ಲಿ ನಿಂತೇ ಇದ್ದೆ. ಸಿಗಲಿಲ್ಲ. ಬೆಲ್ ಹೊಡೆಯಿತು. ನನಗೆ ಗೊತ್ತಿಲ್ಲದೆಯೇ ಕಾಲು ಮುಂದಿನ ತರಗತಿಯ ಕಡೆಗೆ ಎದ್ದಿತು. ಹೋಗುವುದಕ್ಕೆ ತರಗತಿ ಇರಲಿಲ್ಲ. ಅಲ್ಲಿಯೇ, ನಡುಬೀದಿಯಲ್ಲಿ, ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ. ಸದ್ದಾಗದಂತೆ ಅಳುವುದು ಗಂಟಲಿಗೆ ಒಳ್ಳೆಯದೋ ಕೆಟ್ಟದ್ದೋ ಡಾಕ್ಟರು ಹೇಳಿರಲಿಲ್ಲ.

ಅಲ್ಲಿಂದ ನೇರ ಶಾಹೀನಳ ಮನೆಗೆ ಹೋದೆ. ಕೆಲಸ ಇನ್ನೂ ಇದೆಯಾ ಎಂದು ಕೇಳಿದೆ. ಅವಳು ನನ್ನ ಕಣ್ಣು ನೋಡಿದಳು. ‘ಇಲ್ಲ ಮಿಸ್, ನಾದಿನಿ ಬತ್ತೀನಿ ಅಂದ್ಲು, ಹೂಂ ಅಂದ್ಬುಟ್ಟೆ’ ಎಂದಳು. ಟೀ ಕೊಟ್ಟಳು. ನಾನು ಲೋಟ ಇಟ್ಟು ಏಳುವಷ್ಟರಲ್ಲಿ, ‘ಒಸಿ ಇರಿ. ಚನ್ನಪಟ್ಟಣದಲ್ಲಿ ನಮ್ಮ ಮಾಮೂ ಅವ್ರೆ, ಗೊಂಬೆ ಕಾರ್ಖಾನೆ. ಆರ್ಡರ್ ಹೊರದೇಶಕ್ಕೆಲ್ಲ ಹೋಗ್ತದೆ. ಪ್ಯಾಕ್ ಆಗೋ ಮುಂಚೆ ಎಲ್ಲಾ ಸರಿ ಐತಾ ನೋಡೋರು ಬೇಕು ಅಂತಿದ್ರು’ ಎಂದು ಫೋನ್ ತೆಗೆದಳು. ಈ ಸಲ ನಾನು ಕೂತು ನೋಡುತ್ತೇನೆ, ವಿಚಾರಿಸುತ್ತೇನೆ ಎನ್ನಲಿಲ್ಲ. ಯಾವಾಗ ಬರಲಿ ಎಂದು ಕೇಳು ಎಂದೆ.

ಶಾಹೀನಳ ಮಾಮೂ, ಅಂದರೆ ಸೋದರಮಾವ, ಮುನೀರ್ ಸಾಹೇಬರು ಬಿಳಿ ಗಡ್ಡದ, ಸಾವಧಾನದ ಮನುಷ್ಯ. ನನ್ನ ದನಿಯ ಸಂಗತಿಯನ್ನು ಶಾಹೀನ್ ಅವರಿಗೆ ಫೋನಿನಲ್ಲಿ ಏನೆಂದು ಹೇಳಿದ್ದಳೋ, ನಾನು ಕೂತ ಕೂಡಲೇ ಅವರು ನನ್ನ ಕಿವಿಯ ಹತ್ತಿರ ಬಾಗಿ, ‘ಊಟ ಆಯ್ತಾ ಮೇಡಂ!’ ಎಂದು ಕಿರುಚಿದರು. ಮರ ಕಡೆಯುವ ಲೇತಿನ ಮುಂದೆ ಕೂತಿದ್ದವರೆಲ್ಲ ತಿರುಗಿ ನೋಡಿದರು. ‘ಕಿವಿ ಚೆನ್ನಾಗಿ ಕೇಳತ್ತೆ ಸಾಹೇಬರೇ, ಗಂಟಲು ಮಾತ್ರ ಸಣ್ಣದಾಗಿದೆ’ ಎಂದೆ. ಅವರಿಗೆ ನಾಚಿಕೆಯಾಯಿತು. ಅಲ್ಲಿಂದ ಮುಂದೆ ಅವರೂ ನನ್ನಷ್ಟೇ ಮೆಲ್ಲಗೆ ಮಾತನಾಡತೊಡಗಿದರು. ದೂರದಿಂದ ನೋಡಿದವರು ನಾವಿಬ್ಬರೂ ಏನೋ ಕಳ್ಳಮಾಲಿನ ವ್ಯವಹಾರ ಮಾತನಾಡುತ್ತಿದ್ದೇವೆ ಎಂದುಕೊಂಡಿರಬೇಕು.

‘ಮೇಷ್ಟ್ರ ಕೆಲ್ಸ ಬಿಟ್ಟು ಇಲ್ಲಿಗ್ಯಾಕೆ ಬತ್ತೀರಾ?’ ಎಂದು ಕೇಳಿದರು. ಈ ಪ್ರಶ್ನೆಗೆ ನಾನು ಚೆಂದದ ಉತ್ತರವೊಂದನ್ನು ಬಸ್ಸಿನುದ್ದಕ್ಕೂ ಬಾಯಿಪಾಠ ಮಾಡಿದ್ದೆ. ಅದು ಬರಲಿಲ್ಲ. ‘ನಾನು ಬಿಡಲಿಲ್ಲ ಸಾಹೇಬರೇ, ಅದೇ ಬಿಟ್ಟಿತು. ನನಗೆ ಕೆಲಸ ಬೇಕು’ ಎಂದೆ. ಅವರು ತಲೆಯಾಡಿಸಿ, ಹಳದಿ ಬಣ್ಣದ ಒಂದು ಮರದ ಬಂಡಿಯನ್ನು ನನ್ನ ಮುಂದಿಟ್ಟರು. ‘ನೋಡಿ, ಸರಿ ಐತಾ ಹೇಳಿ.’

ಬಂಡಿ ಮುದ್ದಾಗಿತ್ತು. ಎಲ್ಲ ಕಡೆ ತಿರುಗಿಸಿದೆ, ಅಂಚಿನ ಮೇಲೆ ಬೆರಳಾಡಿಸಿದೆ, ಚಕ್ರ ಉರುಳಿಸಿದೆ. ಆಮೇಲೆ, ಯಾಕೆಂದು ನನಗೂ ತಿಳಿಯದು, ಅದನ್ನು ಎತ್ತಿ ಸಿಮೆಂಟ್ ನೆಲದ ಮೇಲೆ ಎಸೆದೆ. ಒಂದು ಚಕ್ರ ಕಳಚಿ ಮೇಜಿನಡಿ ಉರುಳಿತು. ಲೇತುಗಳೆಲ್ಲ ನಿಂತವು. ಮುನೀರ್ ಸಾಹೇಬರು ಕೆಂಪಗಾದರು. ಬಂದ ಕೆಲಸವನ್ನು ಕೈಯಾರೆ ಒಡೆದುಕೊಂಡಿದ್ದೆ. ಇದ್ದಬದ್ದ ದನಿ ಒಟ್ಟುಮಾಡಿಕೊಂಡು, ‘ಮಕ್ಕಳು ನೋಡೋದು ಹೀಗೇ ಸಾಹೇಬರೇ. ಚಕ್ರ ಕಳಚಿ ಬಂದರೆ ಮುಂದೆ ಅದನ್ನು ಬಾಯಿಗೆ ಹಾಕಿಕೊಳ್ಳೋದೇ’ ಎಂದೆ. ಅವರು ತಾವೇ ಬಗ್ಗಿ, ಮೇಜಿನಡಿ ಕೈಯಾಡಿಸಿ ಚಕ್ರ ತೆಗೆದು, ಅದರ ತೂತನ್ನು ದೀಪಕ್ಕೆ ಹಿಡಿದು ನೋಡಿದರು. ‘ನಮ್ಮ ಮೊಮ್ಮಗನೂ ಇಂಗೇ ಮಾಡ್ತಾನೆ. ಅವನಿಗೆ ಬೈತಿದ್ದೆ’ ಎಂದರು. ‘ಸೋಮವಾರದಿಂದ ಬನ್ನಿ. ಎಲ್ಲಾನೂ ಎಸೀಬ್ಯಾಡಿ, ಒಂದೊಂದು ಎಸೀರಿ.’

ಈಗ ದಿನಾ ಬೆಳಗ್ಗೆ ಬಸ್ಸು ಹಿಡಿದು ಚನ್ನಪಟ್ಟಣಕ್ಕೆ ಹೋಗುತ್ತೇನೆ. ಸಂಬಳ ಶಾಲೆಗಿಂತ ಹೆಚ್ಚೂ ಅಲ್ಲ, ನಾಚುವಷ್ಟು ಕಮ್ಮಿಯೂ ಅಲ್ಲ. ದನಿ ಮನೆಮಾತಿಗೆ ಸಾಕಾಗುತ್ತದೆ. ಕೆಲವು ದಿನ ಶಾಲೆಯ ಮಕ್ಕಳು ಬಸ್ ಸ್ಟಾಂಡಿನಲ್ಲಿ ‘ನಮಸ್ತೆ ಮಿಸ್’ ಎಂದಾಗ ಅವರ ಹಿಂದೆಯೇ ಶಾಲೆಯ ಕಡೆ ನಡೆದುಬಿಡಬೇಕೆನಿಸುತ್ತದೆ. ಬಸ್ಸು ಹತ್ತಿದ ಮೇಲೆ ಕಮ್ಮಿಯಾಗುತ್ತದೆ. ಉದ್ಯೋಗ ಬದಲಿಸುವುದು ಹೇಗೆ ಎಂದು ಯಾರಾದರೂ ಸಲಹೆ ಕೇಳಿದರೆ, ಹಳೆಯದನ್ನು ಪೂರ್ತಿ ಬಿಟ್ಟ ಮೇಲೆಯೇ ಹೊಸದು ಕಣ್ಣಿಗೆ ಬೀಳುವುದು ಎಂದು ಗಂಭೀರವಾಗಿ ಹೇಳುತ್ತೇನೆ. ನಾನೇ ಬಿಟ್ಟವಳ ಹಾಗೆ.

ಮೊನ್ನೆ ಪ್ಯಾಕಿಂಗ್ ಕೋಣೆಯಲ್ಲಿ ಹೆಂಗಸರು ಗೊಂಬೆ ಸುತ್ತುತ್ತ ಜೋರಾಗಿ ಹರಟುತ್ತಿದ್ದರು. ನಾನು ಸುಮ್ಮನೆ ತಲೆಯೆತ್ತಿ ಒಂದು ಸುತ್ತು ನೋಡಿದೆ, ಅಷ್ಟೆ. ಕೋಣೆ ಗಪ್‌ಚಿಪ್ಪಾಯಿತು. ಸ್ವಲ್ಪ ಹೊತ್ತಿನ ಮೇಲೆ ಮೂಲೆಯಲ್ಲಿದ್ದ ಲಕ್ಷ್ಮಮ್ಮ ಎದ್ದು ನಿಂತರು. ವಯಸ್ಸಿನಲ್ಲಿ ನನಗಿಂತ ಹಿರಿಯರು, ಮೊಮ್ಮಕ್ಕಳನ್ನು ಕಂಡವರು. ಕಿರುಬೆರಳೆತ್ತಿ, ‘ಮಿಸ್, ಒಸಿ ಹೋಗ್ಬರ್ಲಾ?’ ಎಂದರು. ಹಿಂದೆಯೇ ಅವರ ಪಕ್ಕದಾಕೆಯೂ ಎದ್ದರು. ಅಯ್ಯೋ, ಇದನ್ನೆಲ್ಲ ನನ್ನನ್ನು ಕೇಳಬೇಕಾ ಅಕ್ಕ, ಹೋಗಿ ಬನ್ನಿ ಎನ್ನಬೇಕಿತ್ತು. ಹಾಗೆನ್ನಲೆಂದೇ ಬಾಯಿ ತೆರೆದೆ.

‘ಒಬ್ಬೊಬ್ಬರೇ ಹೋಗಿ’ ಎಂದೆ.