ಕನ್ನಡದ ತಾಸಿನಲ್ಲಿ ಕಲಿತ ಅಳು

ಬೀಳ್ಕೊಡುಗೆಯಲ್ಲಿ ನಿಜವಾದ ಸುಖ ಉಳಿಯುವವರಿಗೆ. ಹೋಗುವವನಿಗೆ ಹಾರದಿಂದ ಕುತ್ತಿಗೆ ತುರಿಸುತ್ತಿರುತ್ತದೆ, ಗಾಡಿ ಎಲ್ಲಿ ತಪ್ಪೀತೋ ಎಂಬ ಚಿಂತೆ ಇರುತ್ತದೆ. ಉಳಿಯುವವರಿಗೆ ಭಾಷಣ, ಫೋಟೋ, ಫಳಾರ. ಈ ಮಾತನ್ನು ನಾನು ಅಧಿಕಾರದಿಂದಲೇ ಹೇಳಬಲ್ಲೆ. ಏಕೆಂದರೆ ಒಂದೇ ವರ್ಷದಲ್ಲಿ ನಾನು ಹೋಗುವವನೂ ಆಗಿದ್ದೆ, ಉಳಿಯುವವನೂ ಆಗಿದ್ದೆ. ತಹಸೀಲ್ದಾರರ ಕೈಯಿಂದ ಹಾರ ಹಾಕಿಸಿಕೊಂಡು ಬೇಸಿಗೆಯಲ್ಲಿ ಶಾಲೆ ಬಿಟ್ಟ ನಾನು ಮಳೆಗಾಲಕ್ಕೆ ಅದೇ ತರಗತಿಯ ಅದೇ ಬೆಂಚಿಗೆ ಮರಳಿ ಬಂದು ಕುಳಿತೆ. ಅಷ್ಟು ಬೇಗ ಹಿಂದಿರುಗಿದ ಗಣ್ಯರನ್ನು ನಮ್ಮ ಸೀಮೆ ಅದಕ್ಕೂ ಮೊದಲು ಕಂಡಿರಲಿಲ್ಲ.

ಅದು ನಿಜಾಮರ ಕಾಲ. ಚಿತ್ತಾಪುರದ ಕಡೆಯ ನಮ್ಮ ಊರಿನ ಶಾಲೆಗೆ ಮ್ಯಾಟ್ರಿಕ್ ತರಗತಿ ಆಗಷ್ಟೇ ಬಂದಿತ್ತು. ಮೊದಲ ತಂಡದಲ್ಲಿ ನಾವು ಐದೇ ಹುಡುಗರು. ಇತಿಹಾಸ, ಭೂಗೋಳ, ಗಣಿತ ಎಲ್ಲವೂ ಉರ್ದುವಿನಲ್ಲಿ. ಮನೆಯಲ್ಲಿ ಕನ್ನಡದಲ್ಲಿ ರೊಟ್ಟಿ ತಿಂದು ಬಂದು ಶಾಲೆಯಲ್ಲಿ ತ್ರಿಕೋನಕ್ಕೆ ‘ಮುಸಲ್ಲಸ್’ ಎನ್ನುತ್ತಿದ್ದೆವು. ತ್ರಿಕೋನಕ್ಕೆ ಕನ್ನಡದಲ್ಲಿ ಏನೆನ್ನುತ್ತಾರೆಂದು ನನಗೆ ಗೊತ್ತಾದದ್ದು ಮದುವೆಯಾದ ಮೇಲೆ. ಕನ್ನಡಕ್ಕೆ ದಿನಕ್ಕೊಂದು ತಾಸು ಇತ್ತು. ಅದನ್ನು ಕಲಿಸುತ್ತಿದ್ದವರು ಶಾಂತಪ್ಪ ಮಾಸ್ತರರು. ಧೋತರ, ಮಾಸಿದ ಕರಿ ಕೋಟು, ಮುಂದಿನ ಬೆಂಚಿನವರಿಗೆ ಮಾತ್ರ ಕೇಳಿಸುವಷ್ಟು ಸಣ್ಣ ದನಿ. ಮುಂದಿನ ಬೆಂಚಿನಲ್ಲಿ ಯಾರೂ ಕೂಡುತ್ತಿರಲಿಲ್ಲ.

ನಮ್ಮ ಹೆಡ್ ಮಾಸ್ತರರು ಹೈದರಾಬಾದ್ ಶಹರದಿಂದ ವರ್ಗವಾಗಿ ಬಂದವರು. ಎಲ್ಲರೂ ಅವರನ್ನು ಸದರ್ ಸಾಹೇಬರು ಎನ್ನುತ್ತಿದ್ದರು. ತುಂಬ ಒಳ್ಳೆಯ ಮನುಷ್ಯ. ಆದರೆ ನಮ್ಮ ಊರು ಅವರಿಗೆ ಅಂಗಿ ಬಿಗಿಯಾದಂತೆ ಬಿಗಿಯಾಗುತ್ತಿತ್ತು. ಶಹರದ ಶಾಲೆಗಳಲ್ಲಿ ಕೊನೆಯ ವರ್ಷದವರಿಗೆ ‘ಅಲ್‌ವಿದಾಯಿ ಜಲ್ಸಾ’ ಎಂಬ ಬೀಳ್ಕೊಡುಗೆ ಮಾಡುವ ಪರಂಪರೆ ಇದೆ, ನಮ್ಮಲ್ಲೂ ಆಗಲೇಬೇಕು ಎಂದು ಒಂದು ದಿನ ಸಾರಿದರು. ನನ್ನ ಗೆಳೆಯ ಗುರುಪಾದ ಎದ್ದು ನಿಂತು, “ಸಾಹೇಬ್ರ, ನಾವೇ ಮೊದಲನೇದವ್ರು. ಪರಂಪರಾ ಎಲ್ಲಿಂದ ಬರ್ತದರಿ?” ಎಂದು ಕೇಳಿದ. ಸಾಹೇಬರು ಅವನ ಬೆನ್ನು ತಟ್ಟಿ, ಇವತ್ತು ಶುರು ಮಾಡಿದರೆ ಮುಂದೆ ಬರುವವರಿಗೆ ಅದು ಹಳೆಯದಾಗಿಯೇ ಸಿಗುತ್ತದೆ ಎಂದು ಉರ್ದುವಿನಲ್ಲಿ ಸಮಾಧಾನ ಹೇಳಿದರು.

ಪರಂಪರೆಗೆ ಬೇಕಾದ ಸಾಮಾನುಗಳು ಕಡಿಮೆಯೇನಲ್ಲ. ಶೇರ್ವಾನಿ, ಕೆಂಪು ಗೊಂಡೆಯ ಟೋಪಿ, ಅತ್ತರು, ಗ್ರೂಪ್ ಫೋಟೋ, ಒಬ್ಬ ವಿದ್ಯಾರ್ಥಿಯ ವಿದಾಯ ಭಾಷಣ, ಭಾಷಣದ ಕೊನೆಗೆ ಎಲ್ಲರ ಕಣ್ಣೀರು. ಭಾಷಣಕ್ಕೆ ನನ್ನನ್ನು ಆರಿಸಿದರು. ನನ್ನ ಉರ್ದು ಚೆನ್ನಾಗಿತ್ತೆಂದು ಅಪ್ಪ ಸಾಯುವವರೆಗೂ ಹೇಳಿಕೊಂಡು ತಿರುಗಿದ. ನಿಜಸಂಗತಿಯೆಂದರೆ ಊರಿನಲ್ಲಿದ್ದದ್ದು ವಕೀಲರ ಒಂದೇ ಶೇರ್ವಾನಿ, ಅದು ನನ್ನೊಬ್ಬನ ಮೈಗೆ ಸರಿಹೊಂದಿತು. ಆಮೇಲೆ ನನ್ನ ಬಾಳಿನಲ್ಲಿ ಬಂದ ಎಲ್ಲ ಯೋಗ್ಯತೆಗಳೂ ಹೆಚ್ಚು ಕಡಿಮೆ ಹೀಗೇ ಬಂದವು.

ತಾಲೀಮಿಗೆ ಹೊತ್ತು ಬೇಕಲ್ಲ? ಸಾಹೇಬರು ವೇಳಾಪಟ್ಟಿಯ ಮುಂದೆ ನಿಂತು ಬಹಳ ಯೋಚಿಸಿ ಕನ್ನಡದ ತಾಸನ್ನು ತೆಗೆದುಕೊಂಡರು. ಕನ್ನಡ ನಿಮ್ಮ ಮನೆಯದೇ ಮಾತು, ತಾಯಿಯ ಜೊತೆ ದಿನವೂ ಆಡುತ್ತೀರಿ, ಅದನ್ನು ಮತ್ತೆ ಶಾಲೆಯಲ್ಲಿ ಕಲಿಯುವುದು ಬಾವಿಯೊಳಗೆ ಕೂತು ನೀರು ಕೊಂಡಂತೆ ಎಂದರು. ಶಾಂತಪ್ಪ ಮಾಸ್ತರರು, “ಬರೋಬ್ಬರಿ ಅದರಿ” ಎಂದು ತಲೆಯಾಡಿಸಿ ಪುಸ್ತಕ ಮುಚ್ಚಿದರು. ಅವರಿಗೆ ಜಲ್ಸಾದ ಚಹಾ, ಚೂಡಾದ ಉಸ್ತುವಾರಿ ಕೊಟ್ಟರು. ನಾವು ಐವರೂ ಕುಣಿದಾಡಿದೆವು. ದೀಪಾವಳಿಯಿಂದ ಶಿವರಾತ್ರಿಯವರೆಗೆ ಕನ್ನಡದ ತಾಸಿನಲ್ಲಿ ಉರ್ದುವಿನಲ್ಲಿ ಅಳುವುದನ್ನು ಕಲಿತೆವು. ಗುರುಪಾದನಿಗೆ ಅಳು ಬರುವ ಜಾಗದಲ್ಲಿ ಸರಿಯಾಗಿ ನಗು ಬರುತ್ತಿತ್ತು. ಸಾಹೇಬರು ಅವನನ್ನು ಹಿಂದಿನ ಸಾಲಿಗೆ ಹಾಕಿದರು.

ಇಷ್ಟರಲ್ಲಿ ಇನ್ನೊಂದು ತೊಡಕು ಬೆಳೆದಿತ್ತು. ಗುಂಡಗುರ್ತಿಯ ವೀರಪ್ಪಗೌಡರ ಮಗಳು ನೀಲಮ್ಮನನ್ನು ನನಗೆ ನೋಡಿದ್ದರು. ಗೌಡರದು ಒಂದೇ ಷರತ್ತು: ಹುಡುಗ ಮ್ಯಾಟ್ರಿಕ್ ಪಾಸಾಗಲಿ, ಮರುದಿನವೇ ಬಾಸಿಂಗ. ಅಪ್ಪ ಹಿಗ್ಗಿನಲ್ಲಿ ಗೌಡರನ್ನು ಜಲ್ಸಾಕ್ಕೆ ಕರೆದ. ಗೌಡರು ಗಾಡಿ ಕಟ್ಟಿಕೊಂಡು, ಹೊಸ ರುಮಾಲು ಸುತ್ತಿಕೊಂಡು ಬಂದು ತಹಸೀಲ್ದಾರರ ಹಿಂದಿನ ಕುರ್ಚಿಯಲ್ಲೇ ಕುಳಿತರು.

ಜಲ್ಸಾ ಭರ್ಜರಿಯಾಯಿತು. ಶಹಾಬಾದಿನಿಂದ ಬಂದ ಫೋಟೋದವನು ಕರಿ ಬಟ್ಟೆಯೊಳಗೆ ತಲೆ ಹಾಕಿ ನಮ್ಮನ್ನು ಅಲುಗಾಡದೆ ನಿಲ್ಲಿಸಿದ. ನಾನು ಅಷ್ಟೂ ಹೊತ್ತು ಕಣ್ಣು ಬಿಟ್ಟುಕೊಂಡಿದ್ದು, ಅವನು ಗುಂಡಿ ಒತ್ತಿದಾಗ ಮುಚ್ಚಿದೆ. ಭಾಷಣದಲ್ಲಿ ಶಾಲೆಯನ್ನು ತೋಟಕ್ಕೂ, ಸಾಹೇಬರನ್ನು ಮಾಲಿಗೂ, ನಮ್ಮನ್ನು ಹಾರಿಹೋಗುವ ಬುಲ್‌ಬುಲ್‌ಗಳಿಗೂ ಹೋಲಿಸಿದೆ. ಬುಲ್‌ಬುಲ್‌ಗಳ ಪೈಕಿ ಗುರುಪಾದ ಈ ಸಲ ನಗಬಾರದೆಂದು ಅಜ್ಜನ ನಸ್ಯ ಏರಿಸಿಕೊಂಡು ಬಂದಿದ್ದ. ಅವನ ಸೀನುಗಳನ್ನು ತಹಸೀಲ್ದಾರರು ಬಿಕ್ಕಳಿಕೆಯೆಂದೇ ತಿಳಿದು ತಾವೂ ಕರವಸ್ತ್ರ ತೆಗೆದರು. ನನಗೂ ಆ ಭರಕ್ಕೆ ನಿಜವಾಗಿಯೇ ಕಣ್ಣೀರು ಬಂತು. ವೀರಪ್ಪಗೌಡರಿಗೆ ಉರ್ದು ಬಾರದು. ಆದರೂ ಅಪ್ಪನ ಕಿವಿಯಲ್ಲಿ, “ಏನು ಮಾತಾಡ್ತಾನ್ರಿ ಹುಡುಗ! ಒಂದು ಅಕ್ಷರನೂ ತಿಳೀಲಿಲ್ಲ ನೋಡ್ರಿ!” ಎಂದು ಮೆಚ್ಚಿಕೊಂಡರು. ಶಾಂತಪ್ಪ ಮಾಸ್ತರರು ಬಾಗಿಲ ಬಳಿ ನಿಂತು ಬಂದವರಿಗೆಲ್ಲ ಬಸಿಯಲ್ಲಿ ಚಹಾ ಸುರಿದು ಕೊಡುತ್ತಿದ್ದರು.

ಅಲ್ಲಿಂದ ಗುಲ್ಬರ್ಗಾಕ್ಕೆ ಹೋಗಿ ಪರೀಕ್ಷೆಗೆ ಕೂತೆವು. ಉಳಿದ ವಿಷಯಗಳು ಹೇಗೋ ಸಾಗಿದವು. ಕನ್ನಡದ ಪತ್ರಿಕೆಯನ್ನು ನಗುನಗುತ್ತ ತೆರೆದೆ, ಮನೆಯ ಮಾತಲ್ಲವೆ? ‘ಸಮಾಸ ಬಿಡಿಸಿರಿ’ ಎಂದಿತ್ತು, ನಾನು ಬಿಟ್ಟೆ. ಮಳೆಗಾಲದ ಮೇಲೆ ಪ್ರಬಂಧ ಕೇಳಿದ್ದರು. ಲೇಖನಿ ಹಿಡಿದರೆ ತಾಲೀಮಿನ ಮಾತು ಬಿಟ್ಟು ಬೇರೊಂದು ಹೊರಡಲಿಲ್ಲ. ಮಳೆಗಾಲವನ್ನು ಮಾಲಿ ಮಾಡಿ, ಮೋಡಗಳನ್ನು ಬುಲ್‌ಬುಲ್ ಮಾಡಿ, ಕೊನೆಗೆ ಅದಕ್ಕೂ ಒಂದು ಅಲ್‌ವಿದಾ ಹೇಳಿ ಎದ್ದು ಬಂದೆ. ಫಲಿತಾಂಶ ಬಂತು. ಐವರೂ ಉರ್ದುವಿನಲ್ಲಿ ಪಾಸು, ಐವರೂ ಕನ್ನಡದಲ್ಲಿ ನಪಾಸು. ನಮ್ಮೊಳಗೆ ಅಂಥ ಒಗ್ಗಟ್ಟು ಹಿಂದೆಂದೂ ಇರಲಿಲ್ಲ.

ಅಪ್ಪ ಮನೆಯ ಕಟ್ಟೆಯ ಮೇಲೆ ಕುಳಿತು ಬಹಳ ಹೊತ್ತು ತನಿಖೆ ನಡೆಸಿದ. ಕೊನೆಗೆ ಅವ್ವನನ್ನು ಕರೆದು, “ಇದಕ್ಕ ತಾಯಿ ಮಾತು ಅಂತಾರ, ಅಪ್ಪನ ಮಾತು ಅನ್ನಂಗಿಲ್ಲ. ತಪ್ಪು ನಿಂದೇ ಅದ” ಎಂದು ತೀರ್ಪು ಕೊಟ್ಟ.

ಅವ್ವ ಹಿಟ್ಟಿನ ಕೈ ಒರೆಸಿಕೊಳ್ಳುತ್ತ, “ನಾ ಕಲ್ಸಿದ್ದು ಉಣ್ಣು, ಮಕ್ಕೋ, ಏಳು ಅನ್ನೋದು. ಅದ್ರಾಗ ಯಾವಾಗರ ನಪಾಸ್ ಆಗ್ಯಾನೇನು?” ಎಂದಳು.

ವೀರಪ್ಪಗೌಡರು ಬಂದಾಗ ಮಾತ್ರ ನನಗೆ ನಗೆ ಬರಲಿಲ್ಲ. ಅವರು ಗುಂಡಗುರ್ತಿಯ ತುಂಬ ಅಳಿಯನ ಕೊರಳಿಗೆ ತಹಸೀಲ್ದಾರರು ಹಾರ ಹಾಕಿದ ಸುದ್ದಿ ಹಬ್ಬಿಸಿದ್ದರು. “ಹಾರ ಹಾಕಿ ಕಳ್ಸಿದ ಮ್ಯಾಲ ಹೊಳ್ಳಿ ಅದೇ ಸಾಲಿಗಿ ಬರೋದು ಯಾವ ಪದ್ಧತಿರಿ?” ಎಂದು ಅಪ್ಪನನ್ನು ಕೇಳಿದರು. “ಸೇಡಮಿನ ಕಿರಾಣಿ ಅಂಗಡಿ ಹುಡುಗ ಒಬ್ಬ ನಮ್ಮ ನೀಲಮ್ಮಗ ಕೇಳ್ಲಿಕತ್ಯಾನ. ಅಂವ ಮ್ಯಾಟ್ರಿಕ್ ಆಗಿಲ್ಲ, ಖರೆ. ಆದ್ರ ನಪಾಸ್‌ನೂ ಆಗಿಲ್ಲ.”

ಅಪ್ಪ ಎಲೆ ಅಡಿಕೆಯ ತಟ್ಟೆಯನ್ನು ಅವರ ಮುಂದೆ ಸರಿಸಿದ. ಗೌಡರೇ ಮತ್ತೆ ಹೇಳಿದರು: “ಹುಡುಗಿ ಒಂದು ವರ್ಷ ತಡೀರಿ ಅಂದಾಳ. ಯಾಕಂದ್ಳೋ ನನಗಂತೂ ತಿಳೀವಲ್ದು. ಮುಂದಿನ ಸಲ ಪಾಸಾಗ್ಲಿಲ್ಲಂದ್ರ ಸೇಡಮಿಗೇ ಕೊಡ್ತೀನಿ.”

ಮಳೆಗಾಲಕ್ಕೆ ನಾನು ಮರಳಿ ಶಾಲೆಗೆ ಹೋದೆ. ಉಳಿದವರು ಹೊಲ, ಅಂಗಡಿ ಹಿಡಿದಿದ್ದರು. ಗುರುಪಾದ ರಾವೂರಿನ ಕಲ್ಲು ಗಣಿಯಲ್ಲಿ ಮೇಸ್ತ್ರಿಯ ಕೈಕೆಳಗೆ ಸೇರಿದ್ದ. ತರಗತಿಯ ಗೋಡೆಯ ಮೇಲೆ ನಮ್ಮ ಐವರ ಫೋಟೋ ತೂಗುಬಿಟ್ಟಿದ್ದರು. ಜವಾನ ಯಾವುದೋ ಹಬ್ಬಕ್ಕೆ ಅದಕ್ಕೊಂದು ಹೂವಿನ ಹಾರವನ್ನೂ ಹಾಕಿದ್ದ. ಹೊಸದಾಗಿ ಸೇರಿದ ಹುಡುಗರು ಅದರ ಮುಂದೆ ಕೈಮುಗಿದು, ಕಣ್ಣು ಮುಚ್ಚಿದ ನನ್ನನ್ನು ತೋರಿಸಿ, “ಇವ್ರು ಯಾವಾಗ ತೀರ್ಕೊಂಡ್ರು?” ಎಂದು ನನ್ನನ್ನೇ ಕೇಳಿದರು. ಫಲಿತಾಂಶದ ದಿನ ಎಂದೆ.

ಚಳಿಗಾಲಕ್ಕೆ ಜಲ್ಸಾದ ತಾಲೀಮು ಮತ್ತೆ ಶುರುವಾಯಿತು, ಮತ್ತೆ ಕನ್ನಡದ ತಾಸಿನಲ್ಲೇ. ಪರಂಪರೆಯಲ್ಲವೆ! ಸಾಹೇಬರು ನನ್ನ ಭುಜದ ಮೇಲೆ ಕೈಯಿಟ್ಟು, ನೀನು ಅನುಭವಿ, ಹುಡುಗರಿಗೆ ಅಳುವುದನ್ನು ಕಲಿಸು ಎಂದರು. ನಾನು ಅಂಜುತ್ತಲೇ, “ಸಾಹೇಬ್ರ, ನನಗ ಈ ಸಲ ಖರೇನೇ ಅಳು ಬರ್ಲಿಕತ್ತದ. ಕನ್ನಡ ಬರವಲ್ದು. ನಾ ಶಾಂತಪ್ಪ ಮಾಸ್ತರ ಹಂತ್ಯಾಕ ಕೂಡ್ತೀನ್ರಿ” ಎಂದೆ. ಸಾಹೇಬರು ಬೇಸರಪಟ್ಟುಕೊಂಡರು, ಆದರೆ ತಡೆಯಲಿಲ್ಲ. ಶೇರ್ವಾನಿ ಬೇರೊಬ್ಬನ ಮೈಗೆ ಹೊಂದಿತೆಂದು ಆಮೇಲೆ ಕೇಳಿದೆ.

ಖಾಲಿ ಕೋಣೆಯಲ್ಲಿ ಮಾಸ್ತರರು, ನಾನು ಇಬ್ಬರೇ. ಮಾಸ್ತರರು ಒಳಬಂದು ಕೋಟು ಸರಿಮಾಡಿಕೊಂಡು, ಹಾಜರಿ ಪುಸ್ತಕ ತೆರೆದು ನನ್ನ ಹೆಸರು ಕೂಗಿದರು. ಎದುರಿಗೇ ಕುಳಿತಿದ್ದೆ. “ಹಾಜರ್ ಅದೀನ್ರಿ” ಎಂದೆ. ಆಮೇಲೆ ಹಲಗೆಯ ತುಂಬ ಸಮಾಸ ಬರೆದು ಬಿಡಿಸಿ ತೋರಿಸಿದರು. ಹೊರಗೆ ಹುಡುಗರು ಒಕ್ಕೊರಲಿನಿಂದ ಅಳುತ್ತಿದ್ದರು. ಒಂದು ದಿನ ನನಗೆ ತಡೆಯದೆ, “ಮಾಸ್ತರ, ಹೋದ ವರ್ಷ ನಿಮ್ಮ ತಾಸು ತಗೊಂಡಾಗ ಯಾಕ ಸುಮ್ಮನಾದ್ರಿ?” ಎಂದು ಕೇಳಿದೆ.

“ನೀವು ಭಾಳ ಖುಷಿ ಆಗಿದ್ರಲ್ಲಪಾ,” ಎಂದರು ಮಾಸ್ತರರು. “ನನ್ನ ತಾಸಿನ್ಯಾಗ ಹುಡುಗ್ರು ಅಷ್ಟು ಖುಷಿ ಆಗಿದ್ದು ನಾ ಅದಾ ಮೊದಲ ನೋಡಿದ್ದು.” ತಕ್ಷಣ ಹಲಗೆಯ ಕಡೆ ತಿರುಗಿದರು. ನಾನೂ ಪುಸ್ತಕದೊಳಗೆ ತಲೆ ಹಾಕಿದೆ.

ಆ ವರ್ಷ ಪಾಸಾದೆ. ಕನ್ನಡದಲ್ಲೂ ಪಾಸಾದೆ. ಬಾಸಿಂಗ ಕಟ್ಟಿಕೊಂಡೆ. ಒಂದು ವರ್ಷ ಏಕೆ ತಡೆದೆ ಎಂದು ನೀಲಮ್ಮನನ್ನು ಕೇಳಿದಾಗ, ನನ್ನ ವಿದ್ಯೆಯ ಮೇಲಿನ ವಿಶ್ವಾಸದಿಂದ ಎಂಬ ಉತ್ತರ ನಿರೀಕ್ಷಿಸಿದ್ದೆ. “ಜಲ್ಸಾದಾಗ ನೀವು ಅತ್ರಿ ಅಂತ ಅಪ್ಪ ಹೇಳಿದ್ದ” ಎಂದಳು. “ಮಂದಿ ಮುಂದ ಅಳೋ ಗಂಡಸು ಹೆಂಡ್ತಿ ಮ್ಯಾಲ ಕೈ ಎತ್ತಂಗಿಲ್ಲ ಅನಿಸ್ತು.” ಅಂತೂ ಕನ್ನಡದ ತಾಸು ಪೂರ್ತಿ ವ್ಯರ್ಥವಾಗಿರಲಿಲ್ಲ.

ಮುಂದೆ ನನಗೆ ವಾಡಿ ಜಂಕ್ಷನ್ನಿನ ಮಾಲು ಗೋದಾಮಿನಲ್ಲಿ ಗುಮಾಸ್ತನ ಕೆಲಸ ಸಿಕ್ಕಿತು. ಒಂದು ಮಧ್ಯಾಹ್ನ ಪ್ಲಾಟ್‌ಫಾರ್ಮಿನ ಮೇಲೆ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ಇಟ್ಟುಕೊಂಡು ಶಾಂತಪ್ಪ ಮಾಸ್ತರರು ಕುಳಿತಿದ್ದರು. ಕೆಲಸದಿಂದ ನಿವೃತ್ತರಾಗಿ ಸೊಲ್ಲಾಪುರದ ಮಗಳ ಮನೆಗೆ ಹೊರಟಿದ್ದರು. ಹಾರವಿಲ್ಲ, ಅತ್ತರಿಲ್ಲ, ಕಳಿಸಲು ಒಬ್ಬರೂ ಬಂದಿಲ್ಲ. ಜಲ್ಸಾ ಮಾಡಲಿಲ್ಲವೆ ಎಂದರೆ, “ಅದು ಹುಡುಗ್ರಿಗಿ ಅಲ್ಲೇನಪಾ” ಎಂದು ನಕ್ಕರು.

ಗಾಡಿ ಬಂತು. ಟ್ರಂಕು ಏರಿಸಿ ಅವರನ್ನು ಕಿಟಕಿಯ ಬಳಿ ಕೂಡಿಸಿದೆ. ಇಡೀ ತಾಲೂಕಿನಲ್ಲಿ ವಿದಾಯ ಭಾಷಣದ ತರಬೇತಿ ಪಡೆದ ಮೊದಲ ಮನುಷ್ಯ ನಾನು. ಅವರಿಗೆ ಹೇಳಬೇಕಾದದ್ದು ಎದೆಯ ತುಂಬ ಇತ್ತು, ಉರ್ದುವಿನಲ್ಲೂ ಇತ್ತು, ಕನ್ನಡದಲ್ಲೂ ಇತ್ತು. ಗಾರ್ಡು ಸೀಟಿ ಊದಿದ, ಗಾಡಿ ಜಗ್ಗಿತು. ಮಾಸ್ತರರು ಕಿಟಕಿಯಿಂದ ಕೈ ಹೊರಗೆ ಚಾಚಿದರು. ನನ್ನ ಬಾಯಿಂದ ಕೊನೆಗೂ ಒಂದು ಮಾತು ಬಂತು:

“ಮಾಸ್ತರ, ಕೈ ಹೊರಗ ಹಾಕಬ್ಯಾಡ್ರಿ!”

“ಹೂಂನಪಾ” ಎಂದು ಅವರು ತಟ್ಟನೆ ಕೈ ಒಳಗೆಳೆದುಕೊಂಡರು. ಹೀಗಾಗಿ ನನ್ನ ಕಡೆ ಕೈ ಬೀಸಲೂ ಅವರಿಗೆ ಆಗಲಿಲ್ಲ.