ಮಾವನ ತಟ್ಟೆಯಲ್ಲಿ ಮೂಳೆಯೇ ಇಲ್ಲ!

ನಮ್ಮ ಸೋದರಮಾವ ಈ ಲೋಕದಲ್ಲಿ ಪೂರ್ತಿ ನಂಬಿದ್ದು ಒಬ್ಬರನ್ನೇ. ಅದು ತಮ್ಮನ್ನು. ಅದೂ ಕನ್ನಡಿಯಲ್ಲಿ ಎರಡು ಸಲ ನೋಡಿ ಖಾತ್ರಿ ಮಾಡಿಕೊಂಡ ಮೇಲೆ! ಇಂಥವರಿಗೆ ಇದ್ದ ಚಟವೇನು ಗೊತ್ತೇ? ಪೇಟೆಯ ಹಳೆಯ ಮುಸ್ಲಿಂ ಹೋಟೆಲುಗಳನ್ನು ಹುಡುಕಿಕೊಂಡು ಹೋಗಿ ಉಣ್ಣುವುದು. ಆಗ ತೊಂಬತ್ತರ ದಶಕ, ನಾನು ಪಿಯುಸಿ. ಪ್ರತಿ ಭಾನುವಾರ ಬಸವನಗುಡಿಯಿಂದ ಹೊರಡುವ ಅವರ ಸ್ಕೂಟರಿನ ಹಿಂದಿನ ಸೀಟು ನನ್ನದು. ಊಟಕ್ಕೆ ಕರೆದೊಯ್ಯುತ್ತಿದ್ದರು ಅಂದುಕೊಂಡಿರಾ? ಸಾಕ್ಷಿ ಹೇಳುವುದಕ್ಕೆ!

ಅವೆನ್ಯೂ ರಸ್ತೆಯ ಸಂದಿಯೊಂದರಲ್ಲಿ ಕುಷ್ಕಾ ಅನ್ನದ ಜೊತೆ ದಾಲ್ಚಾ ಬಂತು. ಆ ಹಳದಿ ಸಾರನ್ನು ಕಂಡದ್ದೇ ಮಾವನಿಗೆ ಬಣ್ಣ ಬೆರೆಸಿದ್ದಾರೆಂಬ ಗುಮಾನಿ. ಬಿಳಿ ಕರ್ಚೀಫು ತೆಗೆದು, ಮೂಲೆಯನ್ನು ಸಾರಿಗೆ ಅದ್ದಿ, ಕಿಟಕಿಯ ಬೆಳಕಿಗೆ ಹಿಡಿದು, "ಅರಿಶಿನಾನೇ. ತಿನ್ನು" ಎಂದು ತೀರ್ಪು ಕೊಟ್ಟರು. ಸಂಜೆ ಅದೇ ಕರ್ಚೀಫು ಅತ್ತೆಯ ಕೈಗೆ ಸಿಕ್ಕಿತು. "ಯಾರಿಗ್ರೀ ಅರಿಶಿನ ಹಚ್ಚಿ ಬಂದಿದ್ದು?" ಎರಡು ದಿನ ಮನೆಯಲ್ಲಿ ಒಲೆಗಿಂತ ಅತ್ತೆಯೇ ಹೆಚ್ಚು ಉರಿದರು!

ಕೊನೆಗೆ ಚಾಮರಾಜಪೇಟೆಯ ಒಂದು ಪುಟ್ಟ ಹೋಟೆಲು ಹಿಡಿಸಿತು. ಗಲ್ಲಾದಲ್ಲಿ ಬಿಳಿಗಡ್ಡದ ಭಾಯಿ, ಅವರ ಹಿಂದೆ 'ಹಲಾಲ್' ಎಂಬ ಬೋರ್ಡು.

"ಹಂಗಂದ್ರೇನು?" ಮಾವನ ತನಿಖೆ ಶುರು.

"ನ್ಯಾಯವಾಗಿ ಮಾಡಿದ್ದು ಅಂತ, ಸಾರ್."

"ಅದನ್ನ ನೋಡ್ದೋರು ಯಾರು?"

ಭಾಯಿ ಸುಮ್ಮನೆ ಮೇಲಕ್ಕೆ ಬೆರಳು ತೋರಿಸಿದರು. ಮಾವ ಕತ್ತೆತ್ತಿ ನೋಡಿ ನನಗೆ ಪಿಸುಗುಟ್ಟಿದರು: "ಫ್ಯಾನು ಅಲ್ಲಾಡ್ತಿದೆ ಕಣೋ, ಆ ಟೇಬಲ್‌ಗೆ ಹೋಗೋಣ ಬಾ!"

ಅಲ್ಲಿಗೆ ಹೋಗತೊಡಗಿ ಎರಡು ತಿಂಗಳಾಗಿರಬೇಕು. ಒಂದು ಭಾನುವಾರ ಮಾವ ನನ್ನ ತಟ್ಟೆಗೂ ತಮ್ಮ ತಟ್ಟೆಗೂ ಕಣ್ಣು ಓಡಾಡಿಸಿ ಗುಡುಗಿದರು. "ಮೂರು ವಾರದಿಂದ ನೋಡ್ತಿದೀನಿ. ಇವನಿಗೆ ಮಜ್ಜೆ ತುಂಬಿದ ನಲ್ಲಿಮೂಳೆ, ನನಗೆ ಬರೀ ಚೂರುಪಾರು! ಏನ್ ಭಾಯಿ ಇದು ಮೋಸ?"

ಹೋಟೆಲಿಗೆ ಹೋಟೆಲೇ ತಿರುಗಿ ನೋಡಿತು. ನನಗೆ ಮೇಜಿನ ಕೆಳಗೆ ಸೇರಿಕೊಳ್ಳುವಷ್ಟು ನಾಚಿಕೆ. ಭಾಯಿ ಎದ್ದು ಬಂದು, ಬೇರೆಯವರಿಗೆ ಕೇಳಿಸದ ಹಾಗೆ ಬಗ್ಗಿ ಹೇಳಿದರು:

"ಸಾರ್, ನೀವು ಒಂದೇ ಕಡೆ ಅಗೀತೀರಿ. ಮೂಳೆ ಕಚ್ಚಿದಾಗ ಒಂದ್ಸಲ ನಿಮ್ಮ ಕಣ್ಣಲ್ಲಿ ನೀರು ಬಂದಿದ್ದು ನೋಡ್ದೆ. ಹಲ್ಲು ನೋವು ಅಲ್ವಾ? ಅದಕ್ಕೇ ಮೆತ್ತಗಿರೋದು ನಾನೇ ಆರಿಸಿ ಹಾಕ್ತಿದ್ದೆ. ಬೇಡ ಅಂದ್ರೆ ಮೂಳೇನೇ ಹಾಕ್ತೀನಿ, ಬಿಡಿ."

ಹಲ್ಲುನೋವೇ? ಅತ್ತೆಗೆ ಗೊತ್ತಿರಲಿಲ್ಲ. ಪ್ರತಿ ವಾರ ಎದುರಿಗೇ ಕೂತು ಉಂಡ ನನಗೂ ಗೊತ್ತಿರಲಿಲ್ಲ. ಪ್ರಪಂಚವನ್ನೆಲ್ಲ ಕಾವಲು ಕಾಯುತ್ತಿದ್ದ ಮನುಷ್ಯನನ್ನು ಯಾರೋ ಒಬ್ಬರು ಗಲ್ಲಾದಿಂದ ಇಷ್ಟು ದಿನ ಅಕ್ಕರೆಯಿಂದ ನೋಡಿಕೊಂಡಿದ್ದರು.

ಮಾವ ತಲೆ ತಗ್ಗಿಸಿ ಕೂತರು. ಆಮೇಲೆ ಎಡಗೈಯಿಂದ ಪಕ್ಕದ ಕುರ್ಚಿಯನ್ನು ಮೆಲ್ಲಗೆ ಹೊರಗೆಳೆದರು.

"ಎರಡು ಗಂಟೆ ಆಯ್ತಲ್ಲ ಭಾಯಿ," ಎಂದರು. "ನಿಮ್ದು ಊಟ ಆಯ್ತಾ?"